ಹಳೇ ಬೈಕಿನ ಓಡೋಮೀಟರ್: ಇದ್ದ ಅಂಕಿ ಇರಲೋ, ಸೊನ್ನೆಯಾಗಲೋ, ಬೇರೆ ಮೀಟರೇ ಬರಲೋ?

ಇಂಜಿನ್ ಬಿಚ್ಚಿ ಕಟ್ಟಿಯಾಗಿದೆ, ಬೋರ್ ಹೊಡೆಸಿದ್ದಾಗಿದೆ, ಕ್ರ್ಯಾಂಕ್ ಬೇರಿಂಗ್ ಹೊಸದು, ಬಣ್ಣ ಬಂದಿದೆ, ಕ್ರೋಮ್ ಬಂದಿದೆ. ಕೊನೆಗೆ ಹೆಡ್‌ಲೈಟ್ ಮೇಲೆ ಕೂರಿಸಬೇಕಾದ ಮೀಟರು ಮೇಜಿನ ಮೇಲಿದೆ, ಅದರ ಓಡೋಮೀಟರ್, ಅಂದರೆ ಬೈಕ್ ಒಟ್ಟು ಓಡಿದ ದೂರ ತೋರಿಸುವ ಅಂಕಿಗಳ ಸಾಲು, 48,210 ಕಿ.ಮೀ. ಎನ್ನುತ್ತಿದೆ. ಈ ಅಂಕಿಯನ್ನು ಏನು ಮಾಡುವುದು?

ದಾರಿಗಳು ನಾಲ್ಕು. ಇದ್ದದ್ದನ್ನು ಇದ್ದ ಹಾಗೇ ಬಿಡುವುದು, ಸೊನ್ನೆ ಮಾಡುವುದು, ಬೇರೆ ಮೀಟರು ಹಾಕಿ ಅದಕ್ಕೆ ಹಳೆಯ ಅಂಕಿ ಕೂರಿಸುವುದು, ಹೊಸ ಮೀಟರನ್ನು ಅದರ ಸೊನ್ನೆಯ ಸಮೇತ ಹಾಕಿ ಹಳೆಯದನ್ನು ಡಬ್ಬಿಯಲ್ಲಿಡುವುದು. ಯಾವುದು ಚೆನ್ನಾಗಿ ಕಾಣುತ್ತದೆ ಎಂದು ಯೋಚಿಸಿ ಆರಿಸಲು ಹೊರಟರೆ ತಪ್ಪುತ್ತದೆ. ಮೀಟರಿನ ಒಳಗೆ ಏನಿದೆ, ಅದನ್ನು ಬೇರೆ ಕಾರಣಕ್ಕಾಗಿ ಹೇಗೂ ಬಿಚ್ಚಲೇಬೇಕೇ, ಈಗಿನ ಅಂಕಿಗೆ ಪುರಾವೆ ಇದೆಯೇ, ಇವು ಮೂರೂ ಸೇರಿ ಉತ್ತರ ಹೇಳುತ್ತವೆ.

ಆ ಅಂಕಿ ನಿಜವಾಗಿ ಏನನ್ನು ಎಣಿಸಿದೆ

ಓಡೋಮೀಟರ್ ಎಣಿಸುವುದು, ಬೈಕ್ ಓಡಿದಂತೆ ತಿರುಗುವ ಮೀಟರ್ ಕೇಬಲ್ಲಿನ ಸುತ್ತುಗಳನ್ನು. ಕೇಬಲ್ ತುಂಡಾಗಿದ್ದ ತಿಂಗಳುಗಳು, ಮೀಟರು ಕೈಕೊಟ್ಟಿದ್ದ ವರ್ಷಗಳು ಅದರಲ್ಲಿ ಇಲ್ಲ. ಐದು ಅಂಕಿಯ ಮೀಟರು 99,999 ದಾಟಿದರೆ ಮತ್ತೆ ಸೊನ್ನೆಯಿಂದ ಶುರು, ಎಷ್ಟು ಸಲ ದಾಟಿದೆ ಎಂದು ಅದು ಹೇಳುವುದಿಲ್ಲ. ಸ್ಪೀಡ್ ತೋರಿಸುವ ಮುಳ್ಳು ತಪ್ಪು ತೋರಿಸಿದ ಮಾತ್ರಕ್ಕೆ ದೂರವೂ ತಪ್ಪು ಎಂದುಕೊಳ್ಳಬೇಡಿ. ಮುಳ್ಳನ್ನು ಎಳೆಯುವುದು ಅಯಸ್ಕಾಂತ ಮತ್ತು ಕೂದಲೆಳೆಯ ಸ್ಪ್ರಿಂಗ್. ದೂರದ ಲೆಕ್ಕ ಬರೀ ಗೇರುಗಳದ್ದು. ಅಯಸ್ಕಾಂತ ಎಷ್ಟೇ ಸೋತಿರಲಿ, ಗೇರಿನ ಹಲ್ಲು ಕಡಿಮೆಯಾಗುವುದಿಲ್ಲ.

ಆದ್ದರಿಂದ ಐವತ್ತು ವರ್ಷದ ಬೈಕಿನ ಮೀಟರಿನಲ್ಲಿರುವ ಸಂಖ್ಯೆ 'ಕನಿಷ್ಠ ಇಷ್ಟಾದರೂ ಓಡಿದೆ' ಎಂಬುದಕ್ಕಿಂತ ಹೆಚ್ಚೇನೂ ಹೇಳಲಾರದು. ಹಳೆಯ ಸರ್ವಿಸ್ ಪುಸ್ತಕ, ತಪಾಸಣೆಯ ಚೀಟಿಗಳು ಆ ಸಂಖ್ಯೆಯ ಜೊತೆ ತಾಳೆಯಾದರೆ ಮಾತ್ರ ಅದಕ್ಕೆ ತೂಕ. ಅಂಥ ಕಾಗದವಿದ್ದು ಮೀಟರೂ ಓಡುತ್ತಿದ್ದರೆ ಮೊದಲನೆಯ ದಾರಿಯನ್ನು ಬಿಟ್ಟು ಬೇರೆ ಯೋಚನೆ ಮಾಡುವುದೇ ದಂಡ.

ಮೊದಲ ದಾರಿ: ಮುಟ್ಟದೆ ಬಿಡುವುದು

ಮೀಟರು ಓಡುತ್ತಿದೆ, ಗಾಜಿನೊಳಗೆ ತೇವ ಇಲ್ಲ, ಮುಳ್ಳು ನಡುಗುವುದಿಲ್ಲ. ಹಾಗಿದ್ದರೆ ಬಿಚ್ಚಬೇಡಿ. ಹಿಂದುಗಡೆಯ ಕೇಬಲ್ ಕೂರುವ ತೂತಿನಲ್ಲಿ ಗಡಿಯಾರದ ಎಣ್ಣೆ ಒಂದೇ ಹನಿ, ಹೊರಮೈ ಒರೆಸಿದರೆ ಮುಗಿಯಿತು. ತುಕ್ಕು ಬಿಡಿಸುವ ಸ್ಪ್ರೇ ಹೊಡೆಯುವ ಚಟ ಇರುವವರು ಕೈ ಕಟ್ಟಿಕೊಂಡು ಕೂರುವುದು ಒಳ್ಳೆಯದು. ಆ ದ್ರವ ಹರಿದು ಒಳಗೆ ಮುಳ್ಳನ್ನು ಹೊತ್ತ ಅಲ್ಯೂಮಿನಿಯಂ ಬಟ್ಟಲಿಗೂ ಅಯಸ್ಕಾಂತಕ್ಕೂ ನಡುವಿನ ಸಂದಿಗೆ ಸೇರುತ್ತದೆ, ಧೂಳು ಹಿಡಿಯುತ್ತದೆ, ಮುಳ್ಳು ಅಂಟಿಕೊಳ್ಳುತ್ತದೆ. ಡಯಲ್ ಮೇಲೆ ಹಳದಿ ಕಲೆ ಬಿದ್ದರೆ ಹೋಗುವುದಿಲ್ಲ.

ಹೊಸ ಇಂಜಿನ್ನಿನ ರನ್ನಿಂಗ್-ಇನ್, ಅಂದರೆ ಮೊದಮೊದಲು ನಿಧಾನವಾಗಿ ಓಡಿಸಿ ಪಳಗಿಸುವ ದೂರದ ಲೆಕ್ಕ ಇಡಲು ಸೊನ್ನೆ ಬೇಕು ಎನ್ನುವುದು ಸಾಮಾನ್ಯ ವಾದ. ಅದಕ್ಕೆ ಬೇಕಾದಾಗ ಗುಂಡಿಯಿಂದ ಸೊನ್ನೆ ಮಾಡಬಹುದಾದ ಟ್ರಿಪ್ ಮೀಟರ್ ಇದೆ. ಅದೂ ಇಲ್ಲದಿದ್ದರೆ, ಇಂಜಿನ್ ಮೊದಲ ಸಲ ಚಾಲೂ ಆದ ದಿನದ ಅಂಕಿಯನ್ನು ಪುಸ್ತಕದ ಮೊದಲ ಪುಟದಲ್ಲಿ ಬರೆದುಕೊಂಡರೆ ಕಳೆಯುವ ಲೆಕ್ಕವೊಂದೇ ಬಾಕಿ. (ಟ್ರಿಪ್ ಅನ್ನು ಬೈಕ್ ನಿಂತಿರುವಾಗ ಮಾತ್ರ ಸೊನ್ನೆ ಮಾಡಿ. ಓಡುವಾಗ ಗುಂಡಿ ತಿರುಗಿಸಿದರೆ ಹಳೆಯ ಹಲ್ಲುಗಳು ಮುರಿಯುತ್ತವೆ.)

ಎರಡನೆಯ ದಾರಿ: ಸೊನ್ನೆ ಮಾಡುವುದು

ಇದಕ್ಕೆ ಅರ್ಥವಿರುವುದು ಎರಡು ಸಂದರ್ಭದಲ್ಲಿ. ಒಂದು, ಅಂಕಿಚಕ್ರಗಳು ಕೆಟ್ಟು ಹಳೆಯ ಸಂಖ್ಯೆ ಓದಲಿಕ್ಕೇ ಆಗದಂತಿದೆ. ಇನ್ನೊಂದು, ಬೈಕ್ ಬುಡದಿಂದ ಹೊಸದಾಗಿದೆ, ಹಳೆಯ ಅಂಕಿಗೆ ಯಾವ ಪುರಾವೆಯೂ ಇಲ್ಲ, ಮೀಟರನ್ನು ಹೇಗೂ ಬಿಚ್ಚಬೇಕಾಗಿದೆ. ಎರಡರಲ್ಲೂ ಸೊನ್ನೆ ಎಂದರೆ 'ಇಲ್ಲಿಂದ ಹೊಸ ಎಣಿಕೆ' ಎಂದರ್ಥ. 48,210 ಇದ್ದದ್ದನ್ನು 12,000 ಮಾಡುವುದಕ್ಕೆ ಮಾತ್ರ ಯಾವ ಅರ್ಥವೂ ಇಲ್ಲ, ಮೋಸವೊಂದನ್ನು ಬಿಟ್ಟು. ಸೊನ್ನೆ ತನ್ನನ್ನು ತಾನೇ ಸಾರಿಕೊಳ್ಳುತ್ತದೆ. ನಡುವಿನ ಅಂಕಿ ಸುಳ್ಳು ಹೇಳುತ್ತದೆ.

ಕಾನೂನೂ ಇದೇ ಕ್ರಮದಲ್ಲಿ ಯೋಚಿಸುತ್ತದೆ. ಅಮೆರಿಕದ ಫೆಡರಲ್ ಕಾನೂನಿನ ಪ್ರಕಾರ ಓಡೋಮೀಟರನ್ನು ರಿಪೇರಿ ಮಾಡಬಹುದು, ಬದಲಿಸಬಹುದು, ಆದರೆ ಅಂಕಿ ಮೊದಲಿನದೇ ಉಳಿಯಬೇಕು. ಉಳಿಸಲು ಸಾಧ್ಯವಿಲ್ಲದಿದ್ದರೆ ಸೊನ್ನೆಗೇ ತರಬೇಕು, ಹಳೆಯ ಅಂಕಿ ಮತ್ತು ದಿನಾಂಕ ಬರೆದ ಚೀಟಿಯನ್ನು ಎಡಬದಿಯ ಬಾಗಿಲಿನ ಚೌಕಟ್ಟಿಗೆ ಅಂಟಿಸಬೇಕು. ಬೈಕಿಗೆ ಬಾಗಿಲು ಎಲ್ಲಿಂದ ತರುವುದು ಎಂದು ಕಾನೂನು ಬರೆದವರು ಯೋಚಿಸಿದಂತಿಲ್ಲ. ಜರ್ಮನಿಯಲ್ಲಿ ಮೀಟರಿನ ಅಂಕಿ ತಿರುಚುವುದು 2005ರಿಂದ ಶಿಕ್ಷಾರ್ಹ ಅಪರಾಧ, ಒಂದು ವರ್ಷದವರೆಗೆ ಜೈಲು ಅಥವಾ ದಂಡ. ಬೈಕ್ ನೋಂದಣಿಯಾಗಿರುವ ಕಡೆಯ ನಿಯಮವನ್ನು ಸ್ಕ್ರೂಡ್ರೈವರ್ ಹಿಡಿಯುವ ಮೊದಲೇ ನೋಡಿಕೊಳ್ಳಿ. ವಿಮೆ ಅಥವಾ ತಪಾಸಣೆಯ ಕಾಗದದಲ್ಲಿ ಹಳೆಯ ಅಂಕಿ ದಾಖಲಾಗಿದ್ದರೆ ಬದಲಾವಣೆಯನ್ನು ಅಲ್ಲಿಗೂ ತಿಳಿಸಬೇಕಾಗುತ್ತದೆ.

ಡ್ರಿಲ್ ಕಟ್ಟಿ ಹಿಂದಕ್ಕೆ ಓಡಿಸಿದರೆ?

ಎಲ್ಲರಿಗೂ ಮೊದಲು ಹೊಳೆಯುವ ಉಪಾಯ ಇದು. ಲೆಕ್ಕ ಹಾಕಿ ನೋಡಿ. ಕಿಲೋಮೀಟರಿಗೆ 1,000 ಸುತ್ತಿನ ಮೀಟರಿಗೆ ನಿಮಿಷಕ್ಕೆ 1,500 ಸುತ್ತಿನ, ಅಂದರೆ 1,500 ಆರ್‌ಪಿಎಂ ಡ್ರಿಲ್ ಕೊಟ್ಟರೆ ಗಂಟೆಗೆ 90 ಕಿ.ಮೀ. ಹೋಗುತ್ತದೆ. 48,210 ಇಳಿಯಲು 535 ಗಂಟೆ, ಅಂದರೆ ಹಗಲೂ ರಾತ್ರಿ 22 ದಿನ. ಅಷ್ಟರಲ್ಲಿ ಡ್ರಿಲ್ಲೂ ಸುಟ್ಟಿರುತ್ತದೆ, ಮೀಟರಿನ ಬುಷ್ಷೂ ಸವೆದಿರುತ್ತದೆ. ಹಿಂದಕ್ಕೆ ತಿರುಗುವಾಗ ಮುಳ್ಳು ಸೊನ್ನೆಯ ತಡೆಗೂಟಕ್ಕೆ ಒತ್ತಿಕೊಂಡೇ ಇರುತ್ತದೆ, ತೆಳು ಮುಳ್ಳಾದರೆ ಬಾಗುತ್ತದೆ.

ಇನ್ನೊಂದು ತೊಡಕೂ ಇದೆ. ಬ್ರಿಟನ್ನಿನ ಸ್ಮಿತ್ಸ್ ಕಂಪನಿಯ ಕೆಲವು ಮೀಟರುಗಳಲ್ಲಿ ಅಂಕಿಚಕ್ರವನ್ನು ತಳ್ಳುವುದು ನೇರ ಗೇರಲ್ಲ, ಓರೆಯಾಗಿ ಕೂತ ಬಿಲ್ಲೆಯಿಂದ ಹಿಂದೆ ಮುಂದೆ ಆಡುವ ಕೊಕ್ಕೆ. ಡ್ರಿಲ್ಲನ್ನು ಎತ್ತ ತಿರುಗಿಸಿದರೂ ಆ ಕೊಕ್ಕೆ ಚಕ್ರವನ್ನು ಮುಂದಕ್ಕೇ ತಳ್ಳುತ್ತದೆ. ರಾತ್ರಿಯಿಡೀ ಹಿಂದಕ್ಕೆ ಓಡಿಸಿ ಬೆಳಿಗ್ಗೆ ನೋಡಿದರೆ ಅಂಕಿ ಏರಿರುತ್ತದೆ! ಮುಳ್ಳು ಜಿಗಿಜಿಗಿದು ಸಾಗುವ ಹಳೆಯ ಕ್ರೋನೋಮೆಟ್ರಿಕ್ ಮೀಟರುಗಳನ್ನಂತೂ ಹಿಂದಕ್ಕೆ ತಿರುಗಿಸಲೇಬಾರದು. ಅವು ಗಡಿಯಾರದ ಯಂತ್ರದಂಥವು, ಉಲ್ಟಾ ಬಲ ಅವುಗಳಿಗೆ ಆಗುವುದಿಲ್ಲ.

ಡ್ರಿಲ್ಲಿನ ಜಾಗ ಬೇರೆ ಇದೆ, ಕೊನೆಯ ಪರೀಕ್ಷೆಗೆ. ಅದಕ್ಕೆ ಆಮೇಲೆ ಬರುತ್ತೇವೆ.

ಬಿಚ್ಚುವುದು ಹೇಗೆ

ಎಲ್ಲಕ್ಕಿಂತ ಮೊದಲು ಫೋಟೋ. ಮೀಟರಿನ ಅಂಕಿ ಮತ್ತು ಬೈಕಿನ ಚಾಸಿ ನಂಬರ್ ಒಂದೇ ಚಿತ್ರದಲ್ಲಿ ಬರುವಂತೆ ಒಂದು, ಮೀಟರಿನದು ಮಾತ್ರ ಹತ್ತಿರದಿಂದ ಇನ್ನೊಂದು.

ಎರಡನೆಯದು ಎಚ್ಚರಿಕೆ. ಎರಡನೇ ಮಹಾಯುದ್ಧದ ಕಾಲದ ಮತ್ತು 1950ರ ದಶಕದ ಕೆಲವು ಡಯಲ್‌ಗಳಲ್ಲಿ ಕತ್ತಲಲ್ಲಿ ಹೊಳೆಯುವ ರೇಡಿಯಂ ಬಣ್ಣವಿದೆ. ಈಗ ಅದು ಹೊಳೆಯದಿರಬಹುದು, ಕಂದು ಬಣ್ಣಕ್ಕೆ ತಿರುಗಿ ಉದುರುತ್ತಿರಬಹುದು. ಹೊಳಪು ಹೋದದ್ದು ಜೊತೆಗೆ ಬೆರೆಸಿದ ಜಿಂಕ್ ಸಲ್ಫೈಡ್ ಸತ್ತದ್ದರಿಂದ. ರೇಡಿಯಂನ ಅರ್ಧಾಯುಷ್ಯ 1,600 ವರ್ಷ, ಅದು ಎಲ್ಲಿಗೂ ಹೋಗಿಲ್ಲ. ಅನುಮಾನ ಬಂದರೆ ಗಾಜು ತೆಗೆಯಬೇಡಿ, ತಿಳಿದವರಿಗೆ ಕೊಡಿ.

ಕ್ರೋನೋಮೆಟ್ರಿಕ್ ಮೀಟರುಗಳ ಮುಂದಿನ ರಿಂಗು ಮರೆಯಿಂದ, ಅಂದರೆ ತಿರುಪಿನ ಸುರುಳಿ ಗೆರೆಗಳಿಂದ ಕೂತಿರುತ್ತದೆ, ತಿರುಗಿಸಿ ತೆಗೆಯಬಹುದು. ಬಿಗಿದುಕೊಂಡಿದ್ದರೆ ಗಾಜು ಕೆಳಮುಖವಾಗಿ ಹಿಡಿದು, ಸೂಜಿಯ ತುದಿಯಿಂದ ಮರೆಯ ಸಂದಿಗೆ ಮಾತ್ರ ತುಕ್ಕೆಣ್ಣೆ ಮುಟ್ಟಿಸಿ ಒಂದು ದಿನ ಬಿಡಿ. ಆಮೇಲೆ ಹಳೇ ಟ್ಯೂಬಿನ ಪಟ್ಟಿ ಸುತ್ತಿ ಅಂಗೈಯಲ್ಲಿ ಹಿಡಿದು ತಿರುಗಿಸಿ.

ಮ್ಯಾಗ್ನೆಟಿಕ್ ಮೀಟರುಗಳಲ್ಲಿ, ಅಂದರೆ 1960ರ ದಶಕದ ನಂತರದ ಸ್ಮಿತ್ಸ್, ವೆಗ್ಲಿಯಾ, ನಿಪ್ಪಾನ್ ಸೇಕಿ ಮುಂತಾದವುಗಳಲ್ಲಿ, ರಿಂಗಿನ ಅಂಚನ್ನು ಹಿಂದಕ್ಕೆ ಮಡಿಸಿ ಒತ್ತಿರುತ್ತಾರೆ. ಇಲ್ಲಿಯೇ ಜಾಸ್ತಿ ಜನ ಸೋಲುವುದು. ಅಂಚು ದುಂಡಗೆ ಉಜ್ಜಿದ ಸಣ್ಣ ಸ್ಕ್ರೂಡ್ರೈವರ್ ತೆಗೆದುಕೊಂಡು, ಒಂದು ಸಲಕ್ಕೆ 3–4 ಮಿ.ಮೀ. ಅಗಲದಷ್ಟನ್ನೇ ಸ್ವಲ್ಪ ಎತ್ತುತ್ತಾ ಪೂರ್ತಿ ಸುತ್ತು ಬನ್ನಿ. ಮೊದಲ ಸುತ್ತಿನಲ್ಲಿ ಅಂಚು ಮಿಸುಕಿದರೆ ಸಾಕು. ಮೂರು ನಾಲ್ಕು ಸುತ್ತಿನಲ್ಲಿ ಅದು ನೆಟ್ಟಗಾಗುತ್ತದೆ. ಒಂದೇ ಜಾಗದಲ್ಲಿ ಜೋರು ಮಾಡಿದರೆ ತಗಡು ಸುಕ್ಕಾಗುತ್ತದೆ, ಮತ್ತೆ ಮಡಿಸುವಾಗ ಆ ಸುಕ್ಕು ಸೀಳುತ್ತದೆ. ಹೊಸ ರಿಂಗು ಮತ್ತು ರಬ್ಬರ್ ಗ್ಯಾಸ್ಕೆಟ್ ಮೊದಲೇ ತರಿಸಿಟ್ಟುಕೊಂಡವರಿಗೆ ಈ ಚಿಂತೆ ಅರ್ಧ ಕಡಿಮೆ. ಪ್ಲಾಸ್ಟಿಕ್ ಡಬ್ಬಿಯ ಮೀಟರುಗಳು ಬೆಸೆದು ಮುಚ್ಚಿದವು. ಸಣ್ಣ ಗರಗಸದಿಂದ ಕೊಯ್ದು ತೆಗೆಯಬೇಕು, ಮತ್ತೆ ಎಪಾಕ್ಸಿ ಹಾಕಿ ಮುಚ್ಚಬೇಕು. ಕೊಯ್ದ ಗೆರೆ ಉಳಿಯುತ್ತದೆ.

ಗಾಜು ತೆಗೆದ ಮೇಲೆ ಮುಳ್ಳು. ಕೀಳುವ ಮುನ್ನ ಅದನ್ನು ತಡೆಗೂಟದ ಮೇಲಿಂದ ಮೆಲ್ಲಗೆ ದಾಟಿಸಿ ಬಿಡಿ. ಅದು ಸೊನ್ನೆಗಿಂತ ಕೆಳಕ್ಕೆ ಹೋಗಿ ಎಲ್ಲೋ ನಿಲ್ಲುತ್ತದೆ. ಆ ಜಾಗಕ್ಕೆ ಡಯಲ್ ಅಂಚಿನಲ್ಲಿ ಟೇಪ್ ಅಂಟಿಸಿ ಗುರುತು ಹಾಕಿ. ಸ್ಪ್ರಿಂಗಿನ ಮೊದಲ ಬಿಗಿತ ಅಲ್ಲಿದೆ. ಇದನ್ನು ಮರೆತು ಮುಳ್ಳನ್ನು ನೇರ ಸೊನ್ನೆಯ ಮೇಲೇ ಕೂರಿಸಿದರೆ, ಬಿಟ್ಟ ಅಂತರದಷ್ಟು ಹೆಚ್ಚಿನ ಸ್ಪೀಡನ್ನು ಮೀಟರು ಎಲ್ಲ ಕಡೆಯೂ ತೋರಿಸುತ್ತದೆ. ಕೀಳುವಾಗ ಡಯಲ್ ಮೇಲೆ ದಪ್ಪ ಕಾಗದ ಹಾಸಿ, ಮುಳ್ಳಿನ ಬುಡಕ್ಕೆ ಎರಡೂ ಬದಿಯಿಂದ ಚಿಕ್ಕ ಚಮಚದ ತುದಿ ಕೊಟ್ಟು ಸಮನಾಗಿ ಮೇಲೆತ್ತಿ. ಒಂದು ಕಡೆಯಿಂದ ಎತ್ತಿದರೆ ಒಳಗಿನ ಕಡ್ಡಿ ಬಾಗುತ್ತದೆ. ಡಯಲ್ ಒರೆಸಲು ಒಣ ಮೆತ್ತನೆಯ ಬ್ರಷ್ ಸಾಕು. ಥಿನ್ನರ್, ಸ್ಪಿರಿಟ್ ಮುಟ್ಟಿಸಿದರೆ ಅಕ್ಷರಗಳು ಬಟ್ಟೆಗೆ ಬರುತ್ತವೆ.

ಅಂಕಿಚಕ್ರಗಳು

ಒಂದು ಚಕ್ರದ ಎಡಮಗ್ಗುಲಿಗೂ ಬಲಮಗ್ಗುಲಿಗೂ ಹೋಲಿಕೆಯೇ ಇಲ್ಲ. ಒಂದು ಬದಿಯಲ್ಲಿ ಸುತ್ತ 20 ಹಲ್ಲು, ಇನ್ನೊಂದು ಬದಿಯಲ್ಲಿ ಎರಡೇ ಎರಡು. ಪಕ್ಕಪಕ್ಕದ ಚಕ್ರಗಳ ನಡುವೆ, ಬೇರೊಂದು ಕಡ್ಡಿಯ ಮೇಲೆ, ಪಿನಿಯನ್ ಎಂಬ ಪುಟ್ಟ ಹಲ್ಲುಚಕ್ರ. ಚಕ್ರ 9ರಿಂದ 0ಗೆ ಹೊರಳುವ ಗಳಿಗೆಯಲ್ಲಿ ಆ ಎರಡು ಹಲ್ಲು ಪಿನಿಯನ್ನನ್ನು ತಳ್ಳುತ್ತವೆ, ಪಿನಿಯನ್ ಪಕ್ಕದ ಚಕ್ರವನ್ನು ಎರಡು ಹಲ್ಲಿನಷ್ಟು, ಅಂದರೆ ಸರಿಯಾಗಿ ಒಂದು ಅಂಕಿಯಷ್ಟು ನೂಕುತ್ತದೆ. ಉಳಿದ ಹೊತ್ತೆಲ್ಲ ಅದೇ ಪಿನಿಯನ್ ಬೀಗದ ಹಾಗೆ ಕೂತು ಚಕ್ರ ಅಲ್ಲಾಡದಂತೆ ಹಿಡಿದಿರುತ್ತದೆ. ಅದಕ್ಕೇ ಬೆರಳಿನಿಂದ ಚಕ್ರ ತಿರುಗುವುದಿಲ್ಲ, ತಿರುಗಿಸಿದರೆ ಹಲ್ಲು ಹೋಗುತ್ತದೆ.

ಚಕ್ರಗಳ ನಡುವೆ ಸೂಜಿ ಹಾಕಿ ಮೀಟಿ ಒಂದೊಂದೇ ಹಲ್ಲು ಹಾರಿಸುವ ಕಳ್ಳದಾರಿ ಹೊಸ ಪ್ಲಾಸ್ಟಿಕ್ಕಿಗೆ ನಡೆದೀತು. ನಲವತ್ತು ವರ್ಷ ಬಿಸಿಲು ತಿಂದ ಪ್ಲಾಸ್ಟಿಕ್ ಬಿಸ್ಕತ್ತಿನಂತೆ ಒಡೆಯುತ್ತದೆ. ಪಿನಿಯನ್‌ಗಳ ಕಡ್ಡಿಯನ್ನು 1 ಮಿ.ಮೀ. ದಪ್ಪದ ತಂತಿಯಿಂದ ಪಕ್ಕಕ್ಕೆ ತಳ್ಳಿ ಪಿನಿಯನ್‌ಗಳನ್ನು ಹೊರತೆಗೆಯುವುದೇ ಸರಿಯಾದ ದಾರಿ. ಆಗ ಚಕ್ರಗಳು ತಾವಾಗಿ ಸಲೀಸಾಗಿ ತಿರುಗುತ್ತವೆ. ಕಡ್ಡಿ ಮಿಸುಕದಿದ್ದರೆ ಟೇಬಲ್ ಲ್ಯಾಂಪಿನ ಕೆಳಗೆ ಹತ್ತು ನಿಮಿಷ ಬೆಚ್ಚಗೆ ಮಾಡಿ. ಹಳೆಯ ಸತು ಮಿಶ್ರಲೋಹದ ಚಕ್ರಗಳು ಊದಿ ಕಡ್ಡಿಯನ್ನು ಕಚ್ಚಿಕೊಂಡಿದ್ದರೆ, ಮೈಮೇಲೆ ಕೂದಲೆಳೆ ಬಿರುಕು ಕಂಡರೆ, ಅಲ್ಲಿಗೆ ಕೈಬಿಡಿ. ಅದು ಬದಲಿಸಬೇಕಾದ ಭಾಗ.

ಜೋಡಿಸುವಾಗ ಅಂಕಿಗಳನ್ನೆಲ್ಲ ಉಕ್ಕಿನ ಅಡಿಪಟ್ಟಿಗೆ ಒತ್ತಿ ಸಾಲಾಗಿ ನಿಲ್ಲಿಸಿ ಪಿನಿಯನ್ ಕೂರಿಸಬೇಕು. ಪಿನಿಯನ್ ಒಂದು ಹಲ್ಲು ತಪ್ಪಿದರೆ ಅಂಕಿ ಅರ್ಧದಷ್ಟು ಮೇಲೋ ಕೆಳಗೋ ನಿಲ್ಲುತ್ತದೆ. ಕೊಳ್ಳಲು ಬಂದ ಅನುಭವಿಗಳು ಮೊದಲು ನೋಡುವುದು ಇದನ್ನೇ: ಸಾಲು ಡೊಂಕಾಗಿದ್ದರೆ ಯಾರೋ ಒಳಗೆ ಕೈ ಹಾಕಿದ್ದಾರೆ. ಚಕ್ರಗಳಿಗೆ ಗ್ರೀಸ್ ಬೇಡ, ಎಣ್ಣೆಯೂ ಬೇಡ.

ಈಗ ಡ್ರಿಲ್ಲಿನ ಕೆಲಸ. ಚಕ್ರಗಳನ್ನು ನೇರವಾಗಿ 00000ಕ್ಕೆ ಕೂರಿಸಬೇಡಿ. 99,999ಕ್ಕೆ ಕೂರಿಸಿ, ಹತ್ತನೇ ಭಾಗದ ಚಕ್ರವಿದ್ದರೆ ಅದನ್ನು 7ಕ್ಕೆ. ಕಿಲೋಮೀಟರಿಗೆ 1,000 ಸುತ್ತಿನ ಮೀಟರಾದರೆ ಸೊನ್ನೆಗೆ ಇನ್ನು 300 ಸುತ್ತು. ಹಳೇ ಕೇಬಲ್ಲಿನ ಒಳತಂತಿಯ ಎಂಟು ಸೆಂಟಿಮೀಟರ್ ತುಂಡು ಕತ್ತರಿಸಿ ಮೀಟರಿಗೆ ಸಿಕ್ಕಿಸಿ, ಮೊದಲ 200 ಸುತ್ತನ್ನು ಡ್ರಿಲ್ಲಿನಿಂದ ನಿಧಾನವಾಗಿ ಕೊಡಿ. ಮುಳ್ಳು ಇನ್ನೂ ಹಾಕಿರದಿದ್ದರೆ ಒಳಗಿನ ಬಟ್ಟಲು ಯಾವ ಕಡೆಗೆ ಎಳೆಯುತ್ತದೆ ಎಂದು ನೋಡಿ ದಿಕ್ಕು ಖಚಿತ ಮಾಡಿಕೊಳ್ಳಿ. ಕೊನೆಯ ನೂರನ್ನು ಬೆರಳಿನಲ್ಲೇ ತಿರುಗಿಸಿ. ಐದೂ ಚಕ್ರಗಳು ಒಟ್ಟಿಗೆ ಹೊರಳುವುದು ಈ ಒಂದೇ ಕಡೆ, ಅತಿ ಹೆಚ್ಚು ಭಾರ ಬೀಳುವುದೂ ಇಲ್ಲೇ. ಎಲ್ಲಾದರೂ ಬಿಗಿಯಿದ್ದರೆ ಬೆರಳಿಗೆ ತಿಳಿಯುತ್ತದೆ. ಡ್ರಿಲ್ಲಿಗೆ ತಿಳಿಯದು, ಅದು ನೈಲಾನ್ ಗೇರನ್ನು ಸೀಳಿ ಮುಂದೆ ಹೋಗುತ್ತದೆ. ಸರಿಯಾಗಿದ್ದರೆ ಒಂಬತ್ತುಗಳೆಲ್ಲ ಒಮ್ಮೆಗೇ ಮೇಲೆದ್ದು ಸೊನ್ನೆಗಳ ನೆಟ್ಟ ಸಾಲು ಬಂದು ನಿಲ್ಲುತ್ತದೆ. ಒಂದೇ ಏಟಿಗೆ ಎಲ್ಲ ಪಿನಿಯನ್‌ಗಳ ಪರೀಕ್ಷೆಯೂ ಮುಗಿಯಿತು.

ಮೂರನೆಯ ದಾರಿ: ಬೇರೆ ಮೀಟರಿಗೆ ಹಳೆಯ ಅಂಕಿ

ಹಳೆಯದು ರಿಪೇರಿಗೆ ನಿಲುಕದಷ್ಟು ಕೆಟ್ಟಿದೆ, ಆದರೆ ಅಂಕಿಗೆ ಕಾಗದದ ಬೆಂಬಲವಿದೆ. ಆಗ ಇದೇ ಉತ್ತಮ. ಮೇಲೆ ಹೇಳಿದ ರೀತಿಯಲ್ಲೇ ಚಕ್ರಗಳನ್ನು ಬೇಕಾದ ಅಂಕಿಗೆ ಕೂರಿಸಬಹುದು. ಇಲ್ಲಿ ಕಾಲಿಗೆ ತೊಡರುವುದು ಎರಡು ಸಂಗತಿ.

ಒಂದು, ಮೈಲಿ ಮತ್ತು ಕಿಲೋಮೀಟರ್. ಹಳೆಯದು ಕಿ.ಮೀ., ಸಿಕ್ಕಿದ್ದು ಮೈಲಿ ಮೀಟರಾದರೆ 1.60934ರಿಂದ ಭಾಗಿಸಿ. 31,400 ಕಿ.ಮೀ. ಇದ್ದದ್ದು 19,511 ಮೈಲಿ ಆಗಬೇಕು. ಅಂಕಿಯನ್ನು ಹಾಗೇ ಎತ್ತಿ ಕೂರಿಸಿದವರ ಬೈಕುಗಳು ಕಾಗದದ ಮೇಲೆ ಒಂದೇ ದಿನದಲ್ಲಿ ಹತ್ತೊಂಬತ್ತು ಸಾವಿರ ಕಿ.ಮೀ. ಓಡಿರುತ್ತವೆ.

ಎರಡು, ಅನುಪಾತ. ನೋಡಲು ಒಂದೇ ಥರ ಇರುವ ಮೀಟರುಗಳು ಬೇರೆ ಬೇರೆ ಸುತ್ತುಗಳಿಗೆ ಮಾಡಿದವು. ಸ್ಮಿತ್ಸ್ ಡಯಲ್ ಕೆಳಗೆ ಸಣ್ಣದಾಗಿ ಬರೆದ 1600, 1250, 1000 ಎಂಬುವು ಮೈಲಿಗೆ ಎಷ್ಟು ಸುತ್ತು ಎಂಬ ಲೆಕ್ಕ. ಜರ್ಮನಿಯ ವಿಡಿಒ ಕಂಪನಿಯ ಮೀಟರಿನಲ್ಲಿ 'ಡಬ್ಲ್ಯು' ಪಕ್ಕದ ಸಂಖ್ಯೆ, ಒಂದು ಮೀಟರ್ ದೂರಕ್ಕೆ ಎಷ್ಟು ಸುತ್ತು ಎಂಬುದು. ಜಪಾನಿನ ಹಲವು ಬೈಕುಗಳಲ್ಲಿ 60 ಕಿ.ಮೀ. ವೇಗಕ್ಕೆ 1,400 ಆರ್‌ಪಿಎಂ. ಬೈಕಿಗೆ ಯಾವುದು ಬೇಕೆಂದು ತಿಳಿಯಲು ಪುಸ್ತಕ ಹುಡುಕುವುದು ಬೇಡ: ಕೇಬಲ್ಲನ್ನು ಮೀಟರಿನ ಕಡೆ ಬಿಚ್ಚಿ, ಒಳತಂತಿಯ ತುದಿಗೆ ಟೇಪಿನ ಬಾವುಟ ಕಟ್ಟಿ, ನೆಲದ ಮೇಲೆ ಅಳೆದ 10 ಮೀಟರ್ ದೂರ ಬೈಕನ್ನು ತಳ್ಳಿ ಬಾವುಟದ ಸುತ್ತು ಎಣಿಸಿ. ಸುಮಾರು 10 ಬಂದರೆ ಅದು ಮೈಲಿಗೆ 1,600 ಅಥವಾ ಕಿ.ಮೀ.ಗೆ 1,000ದ ಜಾತಿ. 14 ಬಂದರೆ ಜಪಾನಿನದು. ಮೈಲಿಗೆ 1,000 ಆದರೆ ಆರಕ್ಕಿಂತ ಸ್ವಲ್ಪ ಹೆಚ್ಚು. ತಾಳೆಯಾಗದ ಮೀಟರು ಹಾಕಿದರೆ ಸ್ಪೀಡೂ ತಪ್ಪು, ಇನ್ನು ಮುಂದೆ ಸೇರುವ ದೂರವೂ ತಪ್ಪು. ನೂರಕ್ಕೆ ಐದರ ವ್ಯತ್ಯಾಸ ಇಪ್ಪತ್ತು ಸಾವಿರಕ್ಕೆ ಸಾವಿರ ಕಿ.ಮೀ. ಆಗುತ್ತದೆ.

ನಾಲ್ಕನೆಯದು: ಹೊಸ ನಕಲು ಮೀಟರು

ಸುಲಭ, ಗಂಟೆಯ ಕೆಲಸ. ದಿನಾ ಓಡಿಸುವ ಬೈಕಾದರೆ ತಪ್ಪೇನೂ ಇಲ್ಲ. ಆದರೆ ಅಕ್ಷರದ ಆಕಾರ, ಮುಳ್ಳಿನ ಬಣ್ಣ ಹಳೆಯದಕ್ಕೆ ಹೋಲುವುದು ಅಪರೂಪ, ಅನುಪಾತ ಬರೆದದ್ದೇ ಒಂದು ಇರುವುದು ಇನ್ನೊಂದು ಆಗುವುದೂ ಉಂಟು. ತಳ್ಳಿ ಎಣಿಸುವ ಪರೀಕ್ಷೆ ಇಲ್ಲೂ ಬೇಕು. ಹಳೆಯ ಮೀಟರನ್ನು ಮಾರಬೇಡಿ. ಬೈಕ್ ಕೈ ಬದಲಿಸುವಾಗ ಅದೂ ಜೊತೆಗೆ ಹೋಗಲಿ.

ಪರಿಣತರಿಗೆ ಕಳಿಸುವುದಾದರೆ ಹಳೆಯ ಅಂಕಿ ಉಳಿಸಬೇಕೇ, ಸೊನ್ನೆ ಬೇಕೇ ಎಂಬುದನ್ನು ಕಾಗದದಲ್ಲೇ ಬರೆದು ಕಳಿಸಿ. ಹೇಳದಿದ್ದರೆ ಸೊನ್ನೆಯಾಗಿ ಬರಬಹುದು. ಬಂದ ಅಂಕಿ, ಬಿಟ್ಟ ಅಂಕಿ, ದಿನಾಂಕ ಮೂರೂ ರಸೀದಿಯಲ್ಲಿರಲಿ. ಕ್ರೋನೋಮೆಟ್ರಿಕ್ ಮೀಟರನ್ನು ಮಾತ್ರ, ಚಕ್ರಗಳಿಗಿಂತ ಒಳಗಿನ ಕೆಲಸವಿದ್ದರೆ, ಕಣ್ಣು ಮುಚ್ಚಿ ಕಳಿಸುವುದೇ ಸರಿ.

ಯಾವ ದಾರಿ ಹಿಡಿದರೂ ಆದದ್ದನ್ನು ಒಂದು ಚೀಟಿಯಲ್ಲಿ ಬರೆಯಿರಿ. ಸೊನ್ನೆ ಮಾಡಿದ್ದರೆ ಹೀಗೆ: 'ಈ ದಿನ 48,210 ಕಿ.ಮೀ. ಇದ್ದದ್ದು ಸೊನ್ನೆ ಮಾಡಲಾಗಿದೆ, ಅದಕ್ಕೂ ಹಿಂದಿನ ನಿಜವಾದ ದೂರ ತಿಳಿಯದು.' ಒಂದು ಪ್ರತಿ ಬೈಕಿನ ಕಾಗದಗಳ ಜೊತೆ, ಇನ್ನೊಂದು ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿ ಸೀಟಿನ ಕೆಳಗೆ. ತಗಡಿನ ಮೇಲೆ ಕೆತ್ತಿಸಿ ಮೀಟರಿನ ಹಿಂಬದಿಗೆ ಕಟ್ಟಿದರೆ ಮಳೆಗೂ ಹೆದರಬೇಕಿಲ್ಲ.

ಮೀಟರು ಕೂರಿಸುವಾಗ ಕೇಬಲ್ಲಿಗೆ ಗ್ರೀಸ್ ಸವರುವುದು ಕೆಳಗಿನ ಮೂರನೇ ಎರಡು ಭಾಗಕ್ಕೆ ಮಾತ್ರ. ಮೇಲಿನ 15–20 ಸೆಂ.ಮೀ. ಒಣಗಿರಲಿ. ಒಳತಂತಿ ತಿರುಪಿನ ಹಾಗೆ ಸುತ್ತಿದ್ದು, ತಿರುಗುತ್ತಾ ಗ್ರೀಸನ್ನು ಮೇಲಕ್ಕೆ ಹತ್ತಿಸುತ್ತದೆ. ಜಾಸ್ತಿ ಹಚ್ಚಿದರೆ ಕೆಲವೇ ತಿಂಗಳಲ್ಲಿ ಅದು ಮೀಟರಿನೊಳಗೆ, ಆಮೇಲೆ ಗಾಜಿನ ಒಳಬದಿಗೆ ಬಂದಿರುತ್ತದೆ, ಮಡಿಸಿದ ರಿಂಗನ್ನು ಮತ್ತೆ ಬಿಚ್ಚಬೇಕಾಗುತ್ತದೆ.